‘ಆಯ್ತು ಸಾರ್’ ಅಂದ್ರೆ ಒಪ್ಪಿಗೆನಾ?

ಇವತ್ತು ಆಫೀಸ್ ಕಾಲ್‌ನಲ್ಲಿ ನೀವು ಎಷ್ಟು ಸಲ ‘ಆಯ್ತು’, ‘ಓಕೆ’ ಅಂದ್ರಿ, ಒಮ್ಮೆ ಎಣಿಸಿ ನೋಡಿ. ನಮ್ಮ ಮಳವಳ್ಳಿ ಕಡೆ ‘ಆಯ್ತು’ ಅನ್ನೋ ಒಂದೇ ಮಾತಿಗೆ ಹತ್ತಾರು ಅರ್ಥ. ಕೇಳಿಸಿಕೊಂಡೆ, ನೋಡೋಣ, ದೊಡ್ಡವರು ನೀವು ಹೇಳಿದ ಮೇಲೆ ಇನ್ನೇನು... ‘ಖಂಡಿತ ಮಾಡ್ತೀನಿ’ ಅನ್ನೋದು ಅವುಗಳಲ್ಲಿ ಒಂದು ಅಷ್ಟೇ. ಸ್ಕ್ರೀನಿನ ಆ ಕಡೆ ಕೂತ ಜರ್ಮನಿಯ ಮ್ಯಾನೇಜರ್‌ಗೆ ಮಾತ್ರ ಅದಕ್ಕೆ ಒಂದೇ ಅರ್ಥ: ಶುಕ್ರವಾರಕ್ಕೆ ಕೆಲಸ ಮುಗಿದಿರುತ್ತೆ.

ಇಂಥ ವ್ಯತ್ಯಾಸವನ್ನು ಅಳೆಯಲು ಹೊರಟವರು ನೆದರ್ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್. 1967ರಿಂದ 1973ರ ನಡುವೆ ಐಬಿಎಂ ಕಂಪನಿ ಬೇರೆ ಬೇರೆ ದೇಶಗಳ ತನ್ನ ನೌಕರರಿಂದ ಪಡೆದ ಉತ್ತರಗಳನ್ನು ಅವರು ಹೋಲಿಸಿದರು. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಧಿಕಾರದ ಅಂತರವನ್ನು ಜನ ಎಷ್ಟು ಸಹಜ ಅಂತ ಒಪ್ಪಿಕೊಳ್ಳುತ್ತಾರೆ ಅನ್ನೋದಕ್ಕೆ ಅಂಕ ಕೊಟ್ಟರು. ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಜರ್ಮನಿಗೆ 35. ಒಂದು ಕಂಪನಿಯ ನೌಕರರನ್ನು ಕೇಳಿ ಇಡೀ ದೇಶವನ್ನು ಅಳೆಯಬಹುದಾ ಅನ್ನೋ ತಕರಾರು ಇದೆ, ನ್ಯಾಯವಾದದ್ದೇ. ಆದರೂ ಇಂಥ ಕಾಲ್‌ಗಳಲ್ಲಿ ಕೂತವರಿಗೆ ಆ ಅಂಕಗಳು ಆಶ್ಚರ್ಯ ತರಲ್ಲ.

ಐಟಿಯಿಂದಾಚೆಗೂ ಇದೇ ಪ್ರಶ್ನೆ. ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಸಿಗುತ್ತೆ. 1999ರ ಕೊನೆಯಲ್ಲಿ ಇಲ್ಲಿಂದ ಮೊದಲ ಕ್ವಾಲಿಸ್ ಹೊರಬಂತು. ಟೊಯೋಟಾ ಪದ್ಧತಿಯ ಜೀವಾಳ ‘ಆಂಡಾನ್’. ಅಸೆಂಬ್ಲಿ ಲೈನಿನಲ್ಲಿ ತಪ್ಪು ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆಯಬಹುದು. ದೀಪ ಹತ್ತುತ್ತೆ, ಟೀಮ್ ಲೀಡರ್ ಬರುತ್ತಾನೆ, ಸಮಸ್ಯೆ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತೆ. ಹಗ್ಗವನ್ನು ಜಪಾನಿನಿಂದ ತರಿಸಬಹುದು. ಅದನ್ನು ಎಳೆಯೋ ಧೈರ್ಯ, ಎಳೆದವನನ್ನು ಬೈಯದ ಮೇಲಧಿಕಾರಿ ಇಲ್ಲೇ ತಯಾರಾಗಬೇಕು.

ಅದೇ ಕಾರ್ಖಾನೆ 2006, 2014, 2020ರಲ್ಲಿ ಲಾಕೌಟ್‌ಗಳನ್ನೂ ಕಂಡಿತು. ಸಂಬಳ, ಅಮಾನತು, ಕೆಲಸದ ಒತ್ತಡ ಅಂತ ಕಾರಣಗಳು ಬೇರೆ ಬೇರೆ. ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟೋಕಾಗಲ್ಲ. ಆದರೆ ಯಂತ್ರದ ದೋಷ ಹೇಳೋಕೆ ಹಗ್ಗ ಇದ್ದರೆ ಸಾಲದು, ಮನುಷ್ಯರ ಕಷ್ಟ ಹೇಳೋಕೂ ಒಂದು ದಾರಿ ಬೇಕು ಅನ್ನೋದಂತೂ ಯಾವ ದೇಶದ ಕಂಪನಿಗೂ ಅನ್ವಯಿಸುತ್ತೆ.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ, ನಮ್ಮ ತಾಲ್ಲೂಕಿನವನೇ. ಒಳ್ಳೆ ಕೋಡ್ ಬರೀತಾನೆ. ಡೆಡ್‌ಲೈನ್ ತಪ್ಪುತ್ತೆ ಅಂತ ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತೆ. ಕಾಲ್‌ನಲ್ಲಿ ಮಾತ್ರ ಬಾಯಿ ಬಿಡಲ್ಲ. ಕೇಳಿದ್ರೆ, ‘ಅಷ್ಟು ಜನದ ಮುಂದೆ ಸಾರ್‌ಗೆ ಆಗಲ್ಲ ಅಂತ ಹೆಂಗಣ್ಣ ಹೇಳದು?’ ಅಂತಾನೆ. ಈ ವರ್ಷ ಅಪ್ರೈಸಲ್‌ನಲ್ಲಿ ‘ತಾನಾಗಿ ಮುಂದೆ ಬರುವುದಿಲ್ಲ’ ಅನ್ನೋ ಷರಾ ಬಿತ್ತು, ಪ್ರಮೋಷನ್ ಹೋಯ್ತು. ಅವನು ಮರ್ಯಾದೆ ಅಂದುಕೊಂಡಿದ್ದನ್ನ ಕಂಪನಿ ಕೊರತೆ ಅಂತ ಬರೆದುಕೊಂಡಿತು.

ಹಾಗಾದ್ರೆ ನಮ್ಮ ಸಂಸ್ಕೃತಿಯೇ ಬಾಯಿ ಕಟ್ಟಿಹಾಕುತ್ತಾ? ನಮ್ಮ ಕಡೆಯ ಆಲೆಮನೆಗೆ ಹೋಗಿ ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಪಾಕದ ಹದ ನೋಡುವವನ ಮಾತೇ ಕೊನೆ. ಅವನು ‘ಇಳಿಸ್ರಪ್ಪ’ ಅಂದ್ರೆ ಯಜಮಾನನೂ ಎದುರಾಡಲ್ಲ; ತಡವಾದ್ರೆ ಬೆಲ್ಲ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಹೇಳೋದೇ ಅವನ ಕೆಲಸ, ಹಾಗಾಗಿ ಯಾರೂ ಅದನ್ನ ಎದುರುತ್ತರ ಅಂದುಕೊಳ್ಳಲ್ಲ.

ಟೀಮ್ ನಡೆಸುವ ಗೆಳೆಯರೇ, ಆ ಹಕ್ಕನ್ನು ಆಫೀಸಿಗೂ ತನ್ನಿ. ‘ಆಗುತ್ತಾ?’ ಅಂತ ಕೇಳಿದ್ರೆ ‘ಆಯ್ತು’ ಅಂತಲೇ ಉತ್ತರ ಬರುತ್ತೆ. ‘ಎಲ್ಲಿ ಕೈಕೊಡಬಹುದು?’ ಅಂತ ಕೇಳಿ. ಕಿರಿಯರಿಂದ ಮಾತು ಶುರು ಮಾಡಿ. ಹಿರಿಯರು ಹೇಳಿ ಮುಗಿಸಿದ ಮೇಲೆ ಬೇರೆ ಹೇಳೋದು ಕಷ್ಟ. ಎಲ್ಲರೆದುರು ಹೇಳಲಾಗದ್ದನ್ನು ಚಾಟ್‌ನಲ್ಲಿ ಬರೆಯಲು ಬಿಡಿ. ಇನ್ನು ಕಿರಿಯರೇ, ‘ಆಗಲ್ಲ’ ಅನ್ನೋಕೆ ಬಾಯಿ ಬರದಿದ್ರೆ, ‘ಸೋಮವಾರಕ್ಕೆ ಕೊಟ್ರೆ ಸರಿಯಾಗಿ ಮುಗಿಯುತ್ತೆ ಸಾರ್’ ಅನ್ನಿ. ಮರ್ಯಾದೆಯೂ ಉಳಿಯುತ್ತೆ, ಸುದ್ದಿಯೂ ಮುಟ್ಟುತ್ತೆ.