ಉಬ್ಬಸ ಮತ್ತು ಮನೆಯೊಳಗಿನ ಗಾಳಿ

ಉಬ್ಬಸದಿಂದ ಬಳಲುವವರು ಸಾಮಾನ್ಯವಾಗಿ ಹೊರಗಿನ ಧೂಳಿಗೆ ಅಂಜುತ್ತಾರೆ. ರಸ್ತೆಯಲ್ಲಿ ಮೂಗಿಗೆ ವಸ್ತ್ರ ಹಿಡಿದು ನಡೆಯುತ್ತಾರೆ. ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಇನ್ನು ಭಯವಿಲ್ಲವೆಂದು ಭಾವಿಸುತ್ತಾರೆ. ಆದರೆ ಅನೇಕರಲ್ಲಿ ರೋಗ ಕೆರಳುವುದು ನಡುರಾತ್ರಿ ಕಳೆದ ಮೇಲೆ, ತಮ್ಮದೇ ಹಾಸಿಗೆಯಲ್ಲಿ. ರಾತ್ರಿಯ ಹೊತ್ತು ಶ್ವಾಸನಾಳಗಳು ಸಹಜವಾಗಿಯೇ ಕೊಂಚ ಸಂಕುಚಿತವಾಗುವುದು ಇದಕ್ಕೆ ಒಂದು ಕಾರಣ. ಮಲಗುವ ಕೋಣೆಯ ಗಾಳಿ ಇನ್ನೊಂದು ಕಾರಣ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಹಳ್ಳಿಗಳಲ್ಲಿ ದಮ್ಮು, ಗೂರಲು ಎಂದು ಕರೆಯುವ ಈ ರೋಗವು ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಆಸ್ತಮಾ ಇದ್ದಿತು. ಆ ಒಂದೇ ವರ್ಷದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅದರಿಂದ ಮೃತಪಟ್ಟರು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರನ್ನು ಗಮನಿಸಿದಾಗ, 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು.

ಒಗ್ಗದಿಕೆ ಎಂದರೇನು?

ಶರೀರವು ಅಪಾಯವಿಲ್ಲದ ವಸ್ತುವನ್ನು ಶತ್ರುವೆಂದು ತಪ್ಪಾಗಿ ತಿಳಿದು ಅದರ ಮೇಲೆ ಯುದ್ಧ ಹೂಡುವುದೇ ಅಲರ್ಜಿ, ಅಂದರೆ ಒಗ್ಗದಿಕೆ. ಆಗ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವು ಮೂಗಿನಲ್ಲಿ ಸೀನು, ನೆಗಡಿಯನ್ನೂ ಕಣ್ಣಿನಲ್ಲಿ ತುರಿಕೆ, ನೀರನ್ನೂ ತರುತ್ತವೆ. ಶ್ವಾಸನಾಳದಲ್ಲಿ ಇಂಥ ಉರಿಯೂತವುಂಟಾದರೆ ಅದರ ಒಳಗೋಡೆ ಊದಿಕೊಂಡು, ಸ್ನಾಯು ಬಿಗಿದು, ಕಫ ತುಂಬಿ, ಉಸಿರಿನ ದಾರಿ ಕಿರಿದಾಗುತ್ತದೆ. ಎದೆಯಲ್ಲಿ ಕೇಳುವ ಸುಂಯ್ ಎಂಬ ಸದ್ದು ಆ ಕಿರಿದಾರಿಯಲ್ಲಿ ಹಾಯುವ ಗಾಳಿಯದು. ಹೊಗೆಯಾದರೋ ಅಲರ್ಜಿಯ ನೆರವಿಲ್ಲದೆಯೇ ಈ ನಾಳಗಳನ್ನು ಕೆರಳಿಸಬಲ್ಲದು.

ಮನೆಯೊಳಗಿನ ಕಾರಣಗಳು

ಮೊದಲನೆಯದು ಧೂಳಿನ ನುಸಿ. ಮೂರು ನುಸಿಗಳನ್ನು ಸಾಲಾಗಿಟ್ಟರೂ ಒಂದು ಮಿಲಿಮೀಟರ್ ಆಗದು. ಬರಿಗಣ್ಣಿಗೆ ಕಾಣದು, ಕಚ್ಚುವುದೂ ಇಲ್ಲ. ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಹಾಸಿಗೆ, ದಿಂಬು, ಕಂಬಳಿ, ಬಟ್ಟೆಯ ಗೊಂಬೆಗಳಲ್ಲಿ ವಾಸಿಸುತ್ತದೆ. ಅದರ ಮಲವು ಗಾಳಿಯಲ್ಲಿ ಬೆರೆತು ಉಸಿರಿನೊಡನೆ ಒಳಸೇರುತ್ತದೆ. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1964ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು.

ಎರಡನೆಯದು ಬೂಷ್ಟು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಗೋಡೆ, ಕಪಾಟು, ಚರ್ಮದ ವಸ್ತುಗಳ ಮೇಲೆ ಇದು ಹಬ್ಬುತ್ತದೆ. ಜಿರಲೆಯ ಹಿಕ್ಕೆ, ಬೆಕ್ಕು ನಾಯಿಗಳ ಮೈಹೊಟ್ಟು ಸಹ ಕೆಲವರಿಗೆ ಒಗ್ಗುವುದಿಲ್ಲ.

ಮೂರನೆಯದು ಹೊಗೆ. ಕಟ್ಟಿಗೆ, ಬೆರಣಿಗಳ ಒಲೆಯ ಮುಂದೆ ಕಳೆದ ಗಂಟೆಗಳ ಲೆಕ್ಕ ಸ್ತ್ರೀಯರ ಶ್ವಾಸಕೋಶದಲ್ಲಿ ಜಮೆಯಾಗುತ್ತದೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಅಡುಗೆ ಮಾಡಿದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಬಂದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಹೆಚ್ಚುವುದೆಂದು ಗುರುತಿಸಿತು. ದಿನಕ್ಕೆ 4 ಗಂಟೆಯಂತೆ 15 ವರ್ಷ ಒಲೆ ಊದಿದರೆ ಆ ಗಡಿ ಮುಟ್ಟಿದಂತೆಯೇ. ಅದು ಆಸ್ತಮಾಕ್ಕಿಂತ ಬೇರೆ ರೋಗವಾದರೂ ಎರಡನ್ನೂ ಕೆರಳಿಸುವ ಹೊಗೆ ಒಂದೇ.

ಸೊಳ್ಳೆಬತ್ತಿಯ ಸುರುಳಿಯನ್ನು ಹಚ್ಚಿ ಕಿಟಕಿ ಮುಚ್ಚಿ ಮಲಗುವ ಅಭ್ಯಾಸ ಇನ್ನೂ ಕೆಟ್ಟದ್ದು. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರ ಅಧ್ಯಯನವೊಂದು ಹೇಳುತ್ತದೆ. ಊದುಬತ್ತಿ, ಲೋಬಾನಗಳ ಹೊಗೆಗೂ ಉಬ್ಬಸದವರ ಶ್ವಾಸನಾಳವು ವಿನಾಯಿತಿ ಕೊಡುವುದಿಲ್ಲ. ಪೂಜೆಗೆ ಹೂವು ಪತ್ರೆಗಳು ಸಾಕು. ಹೊಗೆ ಬೇಕೇ ಬೇಕೆಂದಿಲ್ಲ.

ಮಾಡಬೇಕಾದುದೇನು?

ಎಲ್ಲರಿಗೂ ಎಲ್ಲವೂ ಒಗ್ಗದೆ ಇರುವುದಿಲ್ಲ. ಆದುದರಿಂದ ಮೊದಲು ಕೆಲವು ವಾರ ದಿನಚರಿ ಬರೆದಿಡಬೇಕು: ಕೆಮ್ಮು, ಸೀನು, ಉಬ್ಬಸ ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ, ಯಾವ ಕೆಲಸದ ನಂತರ ಬಂದಿತು? ಊರಿಗೆ ಹೋದಾಗ ಕಡಿಮೆಯಾಗಿ ಮನೆಗೆ ಮರಳಿದೊಡನೆ ಹೆಚ್ಚಾಯಿತೇ? ಈ ಬರಹವು ವೈದ್ಯರಿಗೆ ಬಹಳ ನೆರವಾಗುತ್ತದೆ.

ದಿಂಬಿನ ಗವಸು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಒಗೆಯಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೇವ ಆರಿಸಬೇಕು. ಒಣಕಸಬರಿಕೆಯಿಂದ ಗುಡಿಸಿದರೆ ಧೂಳು ಮೇಲೇಳುತ್ತದೆ. ಒದ್ದೆಬಟ್ಟೆಯಿಂದ ಒರೆಸುವುದು ಲೇಸು. ಆ ಹೊತ್ತಿನಲ್ಲಿ ರೋಗಿಯು ಕೋಣೆಯ ಹೊರಗಿರಬೇಕು. ಬೂಷ್ಟಿನ ಮೇಲೆ ಬಣ್ಣ ಬಳಿಯುವ ಮೊದಲು ನೀರು ಸೋರುವ ಜಾಗವನ್ನು ಸರಿಪಡಿಸಬೇಕು. ಅಡುಗೆಯ ವೇಳೆ ಕಿಟಕಿ, ಬೆಳಕಿಂಡಿ ತೆರೆದಿರಲಿ. ಗ್ಯಾಸ್ ಇದ್ದರೂ ಒಗ್ಗರಣೆಯ ಘಾಟು ಹೊರಹೋಗಲೇಬೇಕು. ಸೊಳ್ಳೆಗೆ ಪರದೆಯೇ ಉತ್ತಮ. ಮನೆಯೊಳಗೆ ಬೀಡಿ, ಸಿಗರೇಟು ಸೇದುವುದನ್ನು ಪೂರ್ಣವಾಗಿ ನಿಲ್ಲಿಸಬೇಕು.

ಔಷಧ ಬಿಡಬಾರದು

ಮನೆ ಸ್ವಚ್ಛವಾಯಿತೆಂದು ಔಷಧ ನಿಲ್ಲಿಸುವುದು ಅಪಾಯಕಾರಿ. ಇನ್‌ಹೇಲರ್ ಚಟವಾಗುತ್ತದೆ, ಅದು ಕೊನೆಯ ಹಂತದ ಔಷಧ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಮದುವೆಯಾಗಬೇಕಾದ ಹೆಣ್ಣುಮಗಳ ಇನ್‌ಹೇಲರನ್ನು ಬಚ್ಚಿಡುವ ಮನೆಗಳೂ ಉಂಟು. ವಾಸ್ತವ ಬೇರೆ. ಸಾಲ್ಬುಟಮಾಲ್‌ನ 4 ಮಿಲಿಗ್ರಾಂ ಮಾತ್ರೆ ಒಂದರಲ್ಲಿ ಇರುವಷ್ಟು ಔಷಧವು, ಒಂದು ಸಲಕ್ಕೆ 100 ಮೈಕ್ರೋಗ್ರಾಂ ಕೊಡುವ ಇನ್‌ಹೇಲರಿನ 40 ಒತ್ತುಗಳಿಗೆ ಸಮ. ನೇರವಾಗಿ ಶ್ವಾಸನಾಳಕ್ಕೆ ತಲಪುವುದರಿಂದ ಅಲ್ಪವೇ ಸಾಕಾಗುತ್ತದೆ. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ಬೇರೆ, ಉರಿಯೂತ ತಗ್ಗಿಸಲು ಪ್ರತಿದಿನ ಬಳಸುವ ಸ್ಟೀರಾಯ್ಡ್ ಇನ್‌ಹೇಲರ್ ಬೇರೆ. ಎರಡನೆಯದನ್ನು ಬಳಸಿದ ಬಳಿಕ ಬಾಯಿ ಮುಕ್ಕಳಿಸಬೇಕು. ಆರಾಮವಾಯಿತೆಂದು ತಾವಾಗಿಯೇ ಬಿಡಬಾರದು.

ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಇನ್‌ಹೇಲರಿಗೂ ಬಗ್ಗದಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ರೋಗಿಯೊಬ್ಬನೇ ಪಥ್ಯ ಮಾಡಿದರೆ ಈ ರೋಗ ಹತೋಟಿಗೆ ಬಾರದು. ಮನೆಮಂದಿಯೆಲ್ಲ ಉಸಿರಾಡುವ ಗಾಳಿ ಒಂದೇ ಆದ್ದರಿಂದ ಪಥ್ಯವೂ ಮನೆಮಂದಿಯೆಲ್ಲರದಾಗಬೇಕು.