ಏರಿಯ ಹುಲ್ಲೂ ಟ್ರ್ಯಾಕ್ಟರಿನ ಭಾರವೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಹೆಸರಿನಲ್ಲಿಯೇ ಕೆರೆ ಅಡಗಿದೆ. ತಿಪಟೂರು, ತುರುವೇಕೆರೆಗಳವರೆಗೂ ಹಬ್ಬಿರುವ ಈ ತೆಂಗಿನ ಸೀಮೆಯಲ್ಲಿ ತೋಟಕ್ಕೆ ಕೆರೆಯೇ ಆಸರೆ; ಕೆರೆಗೆ ಮಣ್ಣಿನ ಏರಿಯೇ ಕಾವಲು. ಮಳೆಗಾಲ ಕಳೆಯುವ ಹೊತ್ತಿಗೆ ಏರಿಯ ಹೊರಮೈ ಹುಲ್ಲಿನಿಂದ ತುಂಬಿ ನಿಲ್ಲುತ್ತದೆ. ನೋಡುವವರಿಗೆ ಅದು ಸೊಬಗು, ಹಸು ಸಾಕಿದವರಿಗೆ ಮೇವು.

ಈ ಹುಲ್ಲು ಇರಬೇಕು. ಆದರೆ ಬೆಳೆದು ನಿಲ್ಲಬಾರದು. ಬೇರು ಮಣ್ಣನ್ನು ಹಿಡಿದಿಡುತ್ತದೆ ನಿಜ. ಎತ್ತರಕ್ಕೆ ಬೆಳೆದ ಹುಲ್ಲು ಮಾತ್ರ ಹೆಗ್ಗಣದ ಬಿಲವನ್ನೂ ನೀರು ಜಿನುಗುವ ತಾಣವನ್ನೂ ಮರೆಮಾಡುತ್ತದೆ. ಆದುದರಿಂದ ಹುಲ್ಲನ್ನು ಕೀಳದೆ ಕೊಯ್ಯುವುದೇ ಸರಿಯಾದ ಕ್ರಮ.

ಕೊಯ್ಯುವ ಆಳು ಸಿಗದಾಗ, ತೋಟ ಉಳುವ ಟ್ರ್ಯಾಕ್ಟರನ್ನೇ ಇಳಿಜಾರಿಗೆ ಇಳಿಸಬಾರದೇಕೆ ಎಂಬ ಯೋಚನೆ ಸಹಜ. ಆದರೆ ಅಲ್ಲಿ ಪಣಕ್ಕೆ ಬೀಳುವುದು ಚಾಲಕನ ಪ್ರಾಣ.

ಹುಲ್ಲನ್ನು ಎತ್ತರಕ್ಕೆ ಹೇರಿದ ಎತ್ತಿನ ಗಾಡಿ ಹಳ್ಳದ ಅಂಚಿನಲ್ಲಿ ವಾಲುವುದನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಟ್ರ್ಯಾಕ್ಟರಿನ ಭಾರದ ಕೇಂದ್ರವೂ ನೆಲದಿಂದ ಎತ್ತರದಲ್ಲಿದೆ. ಆ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಗಾಲಿಗಳ ನಡುವೆ ಬೀಳುವವರೆಗೆ ಕ್ಷೇಮ. ಗಾಲಿಯ ಆಚೆಗೆ ಸರಿಯಿತೆಂದರೆ ಉರುಳುವುದು ಖಂಡಿತ. ಎರಡಡಿ ಮುಂದೆ ಸಾಗಿದರೆ ಒಂದಡಿ ಇಳಿಯುವ ಇಳಿಜಾರು ಸುಮಾರು 27 ಡಿಗ್ರಿಯಷ್ಟಾಗುತ್ತದೆ. ಅಲ್ಲಿ ಅಡ್ಡಲಾಗಿ ಸಾಗುವಾಗ ಮೇಲಿನ ಗಾಲಿ ಒಂದು ಕಲ್ಲನ್ನು ಹತ್ತಿ, ಕೆಳಗಿನ ಗಾಲಿ ಹುಲ್ಲಿನಡಿಯ ಬಿಲಕ್ಕೆ ಇಳಿದರೆ ಗತಿಯೇನು? ಹಸಿ ಹುಲ್ಲಿನ ಮೇಲೆ ಗಾಲಿ ಜಾರುವ ಭಯ ಬೇರೆ. ನೇರವಾಗಿ ಏರ ಹೊರಟು ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಮುಂಗಾಲಿಗಳು ಮೇಲೆದ್ದು ಯಂತ್ರವೇ ಹಿಂದಕ್ಕೆ ಮಗುಚಬಹುದು. ಹಾರಿ ಪಾರಾಗಲು ಚಾಲಕನಿಗೆ ಕಾಲಾವಕಾಶವಿರುವುದಿಲ್ಲ.

ಈ ಅಪಾಯವನ್ನು ಅರಿತ ಸ್ವೀಡನ್ ದೇಶ, ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನ ಸುತ್ತ ಉಕ್ಕಿನ ರಕ್ಷಣಾ ಚೌಕಟ್ಟು ಇರಲೇಬೇಕೆಂದು 1959ರಲ್ಲಿ ಕಾನೂನು ಮಾಡಿತು. ಉರುಳಿ ಸಾಯುವವರ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ಚೌಕಟ್ಟಿದ್ದರೂ ಸೊಂಟಕ್ಕೆ ಪಟ್ಟಿ ಬಿಗಿಯದಿದ್ದರೆ ಅದರ ಪೂರ್ಣ ಪ್ರಯೋಜನ ಸಿಗದು. ಕಡಿದಾದ ಬೆಟ್ಟಗಳಿರುವ ಸ್ವಿಟ್ಜರ್ಲೆಂಡಿನವರು ಗಿಡ್ಡಾಗಿಯೂ ಅಗಲವಾಗಿಯೂ ಇರುವ ಬೇರೆಯೇ ಯಂತ್ರವನ್ನು ಹುಲ್ಲು ಕೊಯ್ಯಲು ರೂಪಿಸಿಕೊಂಡಿದ್ದಾರೆ. ಇನ್ನು ಕೆಲವೆಡೆ ಟ್ರ್ಯಾಕ್ಟರು ಮೇಲಿನ ಸಮದಾರಿಯಲ್ಲೇ ಸಾಗುತ್ತದೆ. ಅದರ ಉದ್ದನೆಯ ಉಕ್ಕಿನ ತೋಳು ಇಳಿಜಾರಿಗೆ ಚಾಚಿ ಹುಲ್ಲನ್ನು ಸವರುತ್ತದೆ.

ಇಂಥ ಸಾಧನವಿಲ್ಲದ ಕಡೆ ಸಾಧಾರಣ ಟ್ರ್ಯಾಕ್ಟರಿಗೆ ತೋಟದ ಸಮನೆಲವೇ ತಕ್ಕ ತಾಣ. ತೀರ ಸಣ್ಣ ಇಳಿಜಾರಾದರೆ, ಮೊದಲು ನಡೆದು ನೋಡಿ ಬಿಲ, ಕಲ್ಲುಗಳನ್ನು ಗುರುತಿಸಿಕೊಂಡು, ಹುಲ್ಲು ಒಣಗಿದ ಮೇಲೆ, ಅಡ್ಡಲಾಗಿ ಸಾಗದೆ ಮೇಲಿನಿಂದ ಕೆಳಕ್ಕೆ ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಕೂಡದು.

ಕಡಿದಾದ ಏರಿಗೆ ಕುಡುಗೋಲೇ ಲೇಸು. ಅದು ನಿಧಾನ ನಿಜ. ಆದರೆ ಕುಡುಗೋಲು ಹಿಡಿದವನು ಬಗ್ಗಿ ನೋಡುತ್ತಾ ಕೊಯ್ಯುತ್ತಾನೆ. ಬಿಲವೊಂದು ಕಂಡರೆ ಅಲ್ಲೇ ನಿಂತು ಊರಿಗೆ ಕೂಗಿ ಹೇಳುತ್ತಾನೆ. ಹುಲ್ಲಿನ ಹೊರೆಯ ಜೊತೆಗೆ ಏರಿಯ ಕ್ಷೇಮಸಮಾಚಾರವನ್ನೂ ಹೊತ್ತು ಸಂಜೆಗೆ ಮನೆಗೆ ಮರಳುತ್ತಾನೆ.