201 ಅಂಕಿಗಳಲ್ಲಿ ಎಂಟು ಸಾಕು

91674ರಿಂದ ಶುರುವಾಗಿ 771ಕ್ಕೆ ಮುಗಿಯುವ 201 ಅಂಕಿಗಳ ಒಂದು ಸಂಖ್ಯೆ. ಅದರ 23ನೇ ಘಾತಮೂಲ ಎಷ್ಟು? 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ದೇವಿ 50 ಸೆಕೆಂಡಿನಲ್ಲಿ ಉತ್ತರ ಹೇಳಿದರು: 546372891. ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲ ಇದರಲ್ಲಿ ಒಂದೊಂದೇ ಸಲ ಬಂದಿವೆ.

ಅವರು 1929ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ತಂದೆ ಸರ್ಕಸ್ಸಿನಲ್ಲಿದ್ದವರು. ಚಾಮರಾಜಪೇಟೆಯ ಕಾನ್ವೆಂಟೊಂದಕ್ಕೆ ಸೇರಿದ ಹುಡುಗಿ ತಿಂಗಳಿಗೆ ಎರಡು ರೂಪಾಯಿ ಫೀಸು ಕಟ್ಟಲಾಗದೆ ಶಾಲೆ ಬಿಡಬೇಕಾಯಿತು. ಗಣಿತದಲ್ಲಿ ಪದವಿಯೇನೂ ಇಲ್ಲದೆ ಜಗತ್ತು ಸುತ್ತಿದರು.

ಇಂಥ ಮೂಲ ಸಿಗುವ ಬಗೆ ತಿಳಿಯಲು ಮೊದಲು ಸಣ್ಣ ಲೆಕ್ಕ ನೋಡೋಣ. 79507 ಒಂದು ಪೂರ್ಣ ಘನ. ಕೊನೆಯಲ್ಲಿ 7 ಬರುವುದು 3ರ ಘನಕ್ಕೆ ಮಾತ್ರ, ಹಾಗಾಗಿ ಘನಮೂಲದ ಕೊನೆಯ ಅಂಕಿ 3. ಕೊನೆಯ ಮೂರು ಅಂಕಿ ಬಿಟ್ಟರೆ ಉಳಿಯುವ 79 ಇರುವುದು 4 ಮತ್ತು 5ರ ಘನಗಳಾದ 64 ಮತ್ತು 125ರ ನಡುವೆ, ಅಂದರೆ ಮೊದಲ ಅಂಕಿ 4. ಉತ್ತರ 43. 23ನೇ ಘಾತದಲ್ಲೂ ನಡೆಯುವುದು ಇದೇ. ಘಾತ ಏರಿದಂತೆ ಸಂಖ್ಯೆಯ ಕೊನೆಯ ಎರಡು ಅಂಕಿಗಳು 20 ಘಾತಕ್ಕೊಮ್ಮೆ ಮರುಕಳಿಸುತ್ತವೆ. ಆದ್ದರಿಂದ 23ನೇ ಘಾತದ ಬಾಲವೂ ಘನದ ಬಾಲವೂ ಒಂದೇ. ಉತ್ತರದ ಕೊನೆಯಲ್ಲಿರುವ 91ರ ಘನ 753571. ನಮ್ಮ ದೊಡ್ಡ ಸಂಖ್ಯೆಯ ಕೊನೆಯಲ್ಲಿರುವುದೂ 71! ಮೂರು ಅಂಕಿ ತೆಗೆದುಕೊಂಡರೆ, 23ನೇ ಘಾತದಲ್ಲಿ 771 ಕೊಡುವ ಬಾಲ 891 ಒಂದೇ.

ಇನ್ನು ತಲೆ. 201 ಅಂಕಿ, ಮೊದಲು 91674 ಎಂದು ಗೊತ್ತಾದರೆ ಲಾಗರಿದಮ್ ಸುಮಾರು 200.96225. ಇದನ್ನು 23ರಿಂದ ಭಾಗಿಸಿದಾಗ ತಪ್ಪಿನ ಪ್ರಮಾಣವೂ 23 ಪಟ್ಟು ಕುಗ್ಗುತ್ತದೆ. ಸೂಕ್ಷ್ಮವಾದ ಲಾಗ್ ಟೇಬಲ್ ಇದ್ದರೆ ಮೂಲದ ಮೊದಲ ಆರು ಅಂಕಿ, 546372, ಹೊರಬೀಳುತ್ತವೆ. ಅದರ ಪಕ್ಕಕ್ಕೆ 891 ಬರೆದರೆ ಲೆಕ್ಕ ಮುಗಿಯಿತು. ಪೂರ್ಣ ಘಾತವೆಂದು ಮೊದಲೇ ಹೇಳಿದ್ದರೆ, ನಡುವಿನ 193 ಅಂಕಿಗಳನ್ನು ನೋಡಲೇಬೇಕಿಲ್ಲ. ಕಾಗದದ ಮೇಲೆ ಇದು ಸುಲಭ. ಇಷ್ಟು ನಿಖರ ಲಾಗರಿದಮ್ಮನ್ನು ಮನಸ್ಸಿನಲ್ಲೇ ಸಾಧಿಸುವುದು ಬೇರೆಯೇ ಮಾತು.

ಆದರೂ ನನ್ನ ಮಟ್ಟಿಗೆ 1980ರ ಸಾಧನೆಯೇ ದೊಡ್ಡದು. ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 7686369774870 ಮತ್ತು 2465099745779 ಇವೆರಡನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಇಲ್ಲಿ ತಲೆ, ಬಾಲ ಹಿಡಿದು ಪಾರಾಗುವಂತಿಲ್ಲ. ಶಾಲೆಯ ಪದ್ಧತಿಯಲ್ಲಿ ಮಾಡಿದರೆ 13 × 13, ಅಂದರೆ 169 ಪುಟ್ಟ ಗುಣಾಕಾರಗಳು, ಮೇಲೆ ಕೂಡಿಕೆ. ನಡುವಿನ ಒಂದು ಅಂಕಿ ತಪ್ಪಿದರೂ ಎಲ್ಲವೂ ತಪ್ಪು.

ಅವರ ಉತ್ತರ 18947668177995426462773730. ನೀವೇ ತಾಳೆ ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಅದನ್ನು ಮತ್ತೆ ಮತ್ತೆ ಕೂಡಿದರೆ 6. ಎರಡನೆಯದರದು 74, ಕಡೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138; ಅದೂ 3ಕ್ಕೇ ಇಳಿಯುತ್ತದೆ. ಪೂರ್ತಿ ಗುಣಾಕಾರವನ್ನು ಮಕ್ಕಳೊಂದಿಗೆ ಕೂತು ಒಮ್ಮೆ ಪೆನ್ಸಿಲ್ಲಿನಲ್ಲಿ ಮಾಡಿ ನೋಡಿ.